ಸಾನೆಟ್ಟಿಗೆ ಸಾಹೇಬರ ಷರಾ

ತಾಲ್ಲೂಕು ಕಚೇರಿಯ ಆ ಗುಮಾಸ್ತನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ನಾಳೆ ಹೆಂಡತಿಯ ಸೀಮಂತ, ಐದರ ಬಸ್ಸು ಹಿಡಿಯಲೇಬೇಕು. ತಹಶೀಲ್ದಾರ್ ಪದ್ಮರಾಜಯ್ಯನವರೋ ಅವನ ರಜೆ ಚೀಟಿಯನ್ನು ಪೇಪರ್‌ವೇಟಿನ ಕೆಳಗೆ ಒತ್ತಿಟ್ಟಿದ್ದರು.

“ನಾಳೆಗೆ ನಮ್ಮ ಮದುವೆಯಾಗಿ ಇಪ್ಪತ್ತೈದು ವರ್ಷ ಕಣಯ್ಯಾ. ಇಂಗ್ಲಿಷ್ ಕವಿಗಳ ಹಾಗೆ ನಮ್ಮವಳಿಗೊಂದು ಪ್ರೇಮದ ಸಾನೆಟ್ ಬರಿ. ಹದಿನಾಲ್ಕು ಸಾಲು. ಹನ್ನೆರಡರಲ್ಲಿ ಹೊಗಳಿಕೆ, ಕೊನೆಯ ಎರಡರಲ್ಲಿ ಮನಸ್ಸಿನ ಮಾತು. ಆಮೇಲೆ ರಜೆ!”

ಗಡಿಯಾರ ನೋಡುತ್ತ ನೋಡುತ್ತ, ಕಣ್ಣು, ಜಡೆ, ನಗು ಎಂದು ಗುಮಾಸ್ತ ಹನ್ನೆರಡು ಸಾಲು ಗೀಚಿದ. ಅಲ್ಲಿಗೆ ಪೆನ್ನು ನಿಂತಿತು. ಸಾಹೇಬರ ಮನಸ್ಸು ಅವನಿಗೇನು ಗೊತ್ತು? ಹಾಳೆಯನ್ನು ಕಡತಕ್ಕೆ ಸೇರಿಸಿ, ದಾರ ಕಟ್ಟಿ, ಅವರ ಮುಂದಿಟ್ಟ.

“ಇನ್ನೆರಡು ಸಾಲು ಎಲ್ಲಯ್ಯಾ?”

“ಗುಮಾಸ್ತ ಟಿಪ್ಪಣಿ ಬರೆಯೋದು, ಕೆಳಗೆ ಸಾಹೇಬರು ಷರಾ ಬರೆಯೋದು ತಾನೇ ಪದ್ಧತಿ ಸಾರ್? ಮನಸ್ಸಿನ ಮಾತನ್ನೂ ನಾನೇ ಬರೆದರೆ ಅಮ್ಮಾವ್ರು ಏನಂದುಕೊಂಡಾರು?”

ಸಾಹೇಬರು ಪೆನ್ನು ಕಚ್ಚಿದರು. ಎದ್ದು ಓಡಾಡಿದರು. ಕೊನೆಗೆ, “ಹೋಗಯ್ಯಾ, ಹೋಗು!” ಎಂದು ರಜೆ ಚೀಟಿಗೆ ಸಹಿ ಹಾಕಿ ಎಸೆದರು.

ಸೀಮಂತ ಮುಗಿಸಿ ಬಂದವನ ಮೇಜಿಗೆ ಅದೇ ಕಡತ ವಾಪಸು ಬಂದಿತ್ತು. ಹನ್ನೆರಡು ಸಾಲಿನ ಕೆಳಗೆ ಸಾಹೇಬರ ಷರಾ: “ಪರಿಶೀಲಿಸಲಾಗಿದೆ. ಮೇಲಿನ ಅಂಶಗಳನ್ನು ಒಪ್ಪಿದೆ.”

ಅದರ ಕೆಳಗೆ ಅಮ್ಮಾವ್ರ ದುಂಡಗಿನ ಅಕ್ಷರ: “ಸ್ವಂತ ಮಾತಿನಲ್ಲಿ ಬರೆದು ಮರುಸಲ್ಲಿಸುವುದು.”