ಬೆಂಕಿ ಉಂಡ ಎಲೆ

ಆಗ ಭೂಮಿ ಇನ್ನೂ ಹೊಸದು. ಎಷ್ಟು ಹೊಸದು ಅಂದರೆ, ಯಾವ ಕಡೆ ಹರಿಯಬೇಕು ಅನ್ನುವುದು ಹೊಳೆಗೇ ಸರಿಯಾಗಿ ಗೊತ್ತಿರಲಿಲ್ಲ. ಬೆಳಿಗ್ಗೆ ಈ ಕಡೆ ಹರಿದು ನೋಡುತ್ತಿತ್ತು, ಮಧ್ಯಾಹ್ನ ಆ ಕಡೆ. ಆನೆ ತನ್ನ ಸೊಂಡಿಲನ್ನು ತಾನೇ ತುಳಿದುಕೊಂಡು ಮುಗ್ಗರಿಸುತ್ತಿತ್ತು. ಎಲ್ಲರೂ ಕಲಿಯುತ್ತಿದ್ದ ಕಾಲ ಅದು.

ಬೆಂಕಿಗೆ ಮಾತ್ರ ನಿಲ್ಲುವುದು ಅಂದರೇನು ಅಂತ ಯಾರೂ ಕಲಿಸಿರಲಿಲ್ಲ.

ಪ್ರತಿ ವರ್ಷ ಮುತ್ತುಗದ ಹೂ ಉದುರುವ ಹೊತ್ತಿಗೆ ತಗ್ಗಿನ ಕಾಡಿನಿಂದ ಅದು ಏಳುತ್ತಿತ್ತು. ಒಣಹುಲ್ಲು, ತರಗೆಲೆ, ಬಿದಿರು, ಗುಡಿಸಲು, ಎಲ್ಲವನ್ನೂ ತಿನ್ನುತ್ತಿತ್ತು. ಮೊದಲ ಮಳೆ ಬಂದು ತಲೆಯ ಮೇಲೆ ಸುರಿಯುವವರೆಗೆ ಅದರ ಓಟ ನಿಲ್ಲುತ್ತಿರಲಿಲ್ಲ.

ಬೆಟ್ಟದ ಇಳಿಜಾರಿನಲ್ಲಿ ಒಂದು ಹಾಡಿ ಇತ್ತು. ಹನ್ನೆರಡು ಗುಡಿಸಲು. ಬೆಂಕಿ ಬಂತು ಅಂದರೆ ಹಾಡಿಯವರು ಬೆಟ್ಟ ಹತ್ತಿ, ಆ ಕಡೆ ಇಳಿದು, ಹೊಳೆ ದಾಟಿ ಕೂರುತ್ತಿದ್ದರು. ಎಲ್ಲ ಬೂದಿಯಾದ ಮೇಲೆ ಬಂದು ಮತ್ತೆ ಗುಡಿಸಲು ಕಟ್ಟುತ್ತಿದ್ದರು. ಓಡುವುದು, ಕಟ್ಟುವುದು. ಓಡುವುದು, ಕಟ್ಟುವುದು. ಬೇರೆ ಥರ ಬದುಕಬಹುದು ಅಂತ ಅವರಿಗೆ ಹೊಳೆದೇ ಇರಲಿಲ್ಲ.

ಒಂದು ವರ್ಷ ಒಬ್ಬಳಿಗೆ ಮಾತ್ರ ಹೊಳೆಯಿತು. ಅವಳ ಹೆಸರು ಕೇತವ್ವ.

ಕೇತವ್ವನಿಗೆ ಸುಮ್ಮನೆ ಕೂತು ಗೊತ್ತಿಲ್ಲ. ಕಂಡದ್ದನ್ನೆಲ್ಲ ಕೇಳಬೇಕು, ಕೇಳಿದ್ದನ್ನೆಲ್ಲ ಮಾಡಿ ನೋಡಬೇಕು. ಸೊಂಟದಲ್ಲಿ ಒಂದು ನಾರಿನ ಹಗ್ಗ ಸಿಕ್ಕಿಸಿಕೊಂಡಿರುತ್ತಿದ್ದಳು. ಒಂದು ಸಂಗತಿ ನಿಜ ಅಂತ ಮೂರು ಸಲ ಕಣ್ಣಾರೆ ಕಂಡರೆ ಅದರಲ್ಲಿ ಒಂದು ಗಂಟು. ಎರಡೇ ಸಲ ಕಂಡರೆ ಗಂಟಿಲ್ಲ.

“ಮೂರು ಸಲ ಯಾಕವ್ವ?” ಅಂತ ಮಗಳು ಮಾದಿ ನಗುತ್ತಿದ್ದಳು.

“ಮೊದಲ್ನೇದು ಅದೃಷ್ಟ ಇರಬಹುದು. ಎರಡ್ನೇದು ನನ್ನ ಆಸೆ ಇರಬಹುದು. ಮೂರ್ನೇದಕ್ಕೆ ಸುಳ್ಳು ಹೇಳೋಕೆ ಆಗಕ್ಕಿಲ್ಲ ಕಣೆ.”

ಆ ವರ್ಷ ಮಾದಿ ತುಂಬಿದ ಬಸುರಿ. ಕಾಲು ಊದಿಕೊಂಡು ಬಾಗಿಲಿನಿಂದ ಒಲೆಯ ತನಕ ನಡೆಯುವುದೇ ಸಾಕುಸಾಕಾಗುತ್ತಿತ್ತು. ಕೇತವ್ವ ಬೆರಳು ಮಡಿಚಿ ತಿಂಗಳು ಲೆಕ್ಕ ಹಾಕಿದಳು. ಹೆರಿಗೆ ಬರುವುದು ಮುತ್ತುಗದ ಹೂ ಉದುರುವ ಹೊತ್ತಿಗೇ. ಈ ಹುಡುಗಿ ಬೆಟ್ಟ ಹತ್ತುವುದುಂಟೇ? ಹೊಳೆ ದಾಟುವುದುಂಟೇ?

ಮಾದಿ ಓಡಲಾರಳು. ಹಾಗಾದರೆ ಬೆಂಕಿಯೇ ನಿಲ್ಲಬೇಕು.

ಮುತ್ತುಗ ಇನ್ನೂ ಮೊಗ್ಗಾಗಿರುವಾಗಲೇ ಕೇತವ್ವ ಕಾಜಾಣದ ಹಕ್ಕಿಯನ್ನು ಹುಡುಕಿಕೊಂಡು ಹೋದಳು. ಬೆಂಕಿಯ ಮುಂದೆ ಮುಂದೆ ಹಾರುತ್ತಾ, ಹೆದರಿ ನೆಗೆಯುವ ಮಿಡತೆಗಳನ್ನು ಹಿಡಿದು ತಿನ್ನುವುದು ಅದರ ಕಸುಬು.

“ಬೆಂಕಿ ಹೆಂಗೆ ಓಡ್ತದಪ್ಪಾ?” ಅಂದಳು.

“ಏರು ಹತ್ತೋವಾಗ ನನ್ನ ರೆಕ್ಕೆಗೂ ಸಿಗಕ್ಕಿಲ್ಲ. ಇಳಿಯೋವಾಗ ಮಂಡಿನೋವಿನ ಮುದುಕನ ಥರ ತೆವಳ್ತದೆ,” ಅಂದಿತು ಕಾಜಾಣ.

“ಹಾಡಿಗೆ ಯಾಕೆ ನೆಟ್ಟಗೆ ಬತ್ತದೆ? ಎಷ್ಟೊಂದು ಕಾಡು ಬಿದ್ದದಲ್ಲ?”

ಕಾಜಾಣ ಬಾಲ ಆಡಿಸಿ ನಕ್ಕಿತು. “ಎಡೆ ಇಟ್ಟು ಕರೆಯೋರು ನೀವೇ ಅಲ್ವಾ!”

ಮಾತು ನಿಜವಾಗಿತ್ತು. ಬೇಸಿಗೆ ಶುರುವಾದರೆ ಹಾಡಿಯವರು ಅಂಗಳ ಗುಡಿಸಿ, ತರಗೆಲೆಯನ್ನೆಲ್ಲ ಹಾಡಿಯ ಗಡಿಯಲ್ಲಿ ಆಳೆತ್ತರ ರಾಶಿ ಹಾಕುತ್ತಿದ್ದರು. ಅದಕ್ಕೆ ಬೆಂಕಿ ಎಡೆ ಅಂತ ಹೆಸರು. ಇಷ್ಟು ತಿಂದು ಹೊಟ್ಟೆ ತುಂಬಿದರೆ ಬೆಂಕಿ ಅಲ್ಲಿಂದಲೇ ವಾಪಸು ಹೋದೀತು ಅಂತ ನಂಬಿಕೆ. ಕೈಮುಗಿದು ರಾಶಿ ಹಾಕುವುದು, ಆಮೇಲೆ ಓಡುವುದು. ಎಲ್ಲರಿಗಿಂತ ದೊಡ್ಡ ರಾಶಿ ಹಾಕುತ್ತಿದ್ದವಳು ಯಾರು ಅಂತೀರಿ? ನಮ್ಮ ಕೇತವ್ವನೇ!

ಮನೆಗೆ ಬಂದವಳು ಒಲೆಯ ಮುಂದೆ ಕೂತಳು. ಹಾಡಿಯ ಪ್ರತಿ ಒಲೆಯಲ್ಲೂ ದೊಡ್ಡ ಬೆಂಕಿ ಬಿಟ್ಟುಹೋದ ಒಂದು ಮರಿ ಇರುತ್ತಿತ್ತು. ಮರಿ ಸಾಧು. ಮೂರು ಕಲ್ಲಿನ ನಡುವೆ ಕೂತು ಗೆಣಸು ಬೇಯಿಸಿಕೊಡುತ್ತಿತ್ತು.

“ಮರೀ, ನೀನು ಎಲ್ಲಿಗೆ ಹೋಗಕ್ಕಿಲ್ಲ?” ಅಂತ ಕೇಳಿದಳು.

“ನನಗೇನು ಗೊತ್ತವ್ವ? ಬಿಟ್ಟು ನೋಡು,” ಅಂದಿತು ಮರಿ.

ಬಿಟ್ಟು ನೋಡಿದಳು. ಸಂಜೆ ಇಬ್ಬನಿ ಇಳಿದು ಹುಲ್ಲು ಮೆತ್ತಗಾಗುವ ಹೊತ್ತಿಗೆ ಅಂಗಳದ ಮೂಲೆಯಲ್ಲಿ ಒಂದು ಪಟ್ಟಿ ಹುಲ್ಲನ್ನು ಮರಿಯಿಂದ ಸುಡಿಸಿದಳು. ನೆಲ ಕಪ್ಪಾಯಿತು. ಮಾರನೆಯ ದಿನ ಆ ಕಪ್ಪಿನ ಈಚೆ ದಡದ ಒಣಹುಲ್ಲಿಗೆ ಮರಿಯನ್ನು ಬಿಟ್ಟಳು. ಮರಿ ಗೇಣೆತ್ತರ ಎದ್ದು ಕುಣಿಯುತ್ತಾ ಬಂತು. ಕಪ್ಪು ಗೇಣಗಲ ಇದ್ದಾಗ ಹಾರಿಬಿಟ್ಟಿತು. ಎರಡು ಗೇಣಗಲ ಇದ್ದಾಗ ಹಾರಲಾಗದೆ ನಿಂತಿತು. ಮತ್ತೆ ಮಾಡಿದಳು, ನಿಂತಿತು. ಇನ್ನೊಂದು ಸಲ ಮಾಡಿದಳು, ನಿಂತಿತು.

ಕೇತವ್ವ ಹಗ್ಗಕ್ಕೆ ಗಂಟು ಹಾಕಿದಳು.

ಮಾರನೆಯ ದಿನ ಹಾಡಿಯವರನ್ನೆಲ್ಲ ಕರೆದು ಹೇಳಿದಳು. ಬೆಂಕಿ ಎಷ್ಟೆತ್ತರವೋ ಅದರ ಎರಡರಷ್ಟು ಅಗಲ ಹಾಡಿಯ ಸುತ್ತ ನಾವೇ ಮೊದಲು ಸುಟ್ಟುಬಿಡೋಣ, ಎಡೆಯ ರಾಶಿ ಬೇಡವೇ ಬೇಡ ಅಂತ.

ಹಾಡಿಯ ಯಜಮಾನ ಜಡೆಯಜ್ಜನ ಮೀಸೆ ನೆಟ್ಟಗಾಯಿತು. “ಬೆಂಕಿಗೆ ಹೆದರಿ ಬೆಂಕಿ ಹಚ್ಚೋದಾ? ಕೇತಿ, ನಿನ್ನ ತಲೆ ನೆಟ್ಟಗದಾ?”

“ಅಜ್ಜಾ, ನಾನು ಮೂರು ಸಲ ನೋಡಿವ್ನಿ.”

“ನೀನು ನೋಡಿದ್ದು ಮರಿನ. ನಮ್ಮ ಒಲೇಲಿ ಬೆಳೆದ ಕೂಸು ಅದು, ಹೇಳಿದ್ದು ಕೇಳ್ತದೆ. ಮರಿ ನಿಂತದ್ದಕ್ಕೆ ಅಪ್ಪನೂ ನಿಲ್ತಾನೆ ಅಂತ ಯಾರು ಹೇಳಿದ್ರು?”

ಇದು ಒಳ್ಳೆಯ ಪ್ರಶ್ನೆ. ಬೇರೆ ಯಾರಾದರೂ ಆಗಿದ್ದರೆ ಎದೆ ತಟ್ಟಿಕೊಂಡು ಸುಳ್ಳು ಹೇಳುತ್ತಿದ್ದರೇನೋ.

“ಗೊತ್ತಿಲ್ಲ ಅಜ್ಜಾ,” ಅಂದಳು. “ಅಪ್ಪ ಬಂದಾಗಲೇ ಗೊತ್ತಾಗೋದು. ಆದ್ರೆ ನನ್ನ ಮಗಳು ಓಡೋಕಾಗಕ್ಕಿಲ್ಲ. ಅದು ಮಾತ್ರ ನಂಗೆ ಗೊತ್ತು.”

ಆಮೇಲೆ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಹಸಿ ಸೊಪ್ಪಿನ ಕೊಂಬೆ ಮುರಿದುಕೊಂಡರು. ಅವರಲ್ಲಿ ತುಂಬಿದ ಹೊಟ್ಟೆ ಹೊತ್ತು ಬೆಟ್ಟ ಹತ್ತಿದವರೂ ಇದ್ದರು. ದಾರಿಯಲ್ಲೇ ಹೆತ್ತವಳೂ ಒಬ್ಬಳಿದ್ದಳು.

ಪ್ರತಿ ಸಂಜೆ ಇಬ್ಬನಿ ಇಳಿದಾಗ ಮರಿಯನ್ನು ಮಡಕೆಯಲ್ಲಿ ಹೊತ್ತು ತರುವರು. ಒಂದಿಷ್ಟು ಹುಲ್ಲು ಸುಡುವರು. ಮರಿ ಅತ್ತಿತ್ತ ಹೊರಟರೆ ಹಸಿ ಕೊಂಬೆಯಲ್ಲಿ ಬಡಿದು ಕೂರಿಸುವರು. ದೊಡ್ಡ ಬೆಂಕಿ ಮೂರಾಳೆತ್ತರ ಏಳುತ್ತದೆ ಅಂತ ಎಲ್ಲರೂ ಕಂಡಿದ್ದರು. ಅದಕ್ಕೇ ಆರಾಳುದ್ದದ ಬಿದಿರನ್ನು ನೆಲಕ್ಕೆ ಹಾಸಿ ಅಗಲ ಅಳೆದರು. ದಿನಕ್ಕಿಷ್ಟು, ದಿನಕ್ಕಿಷ್ಟು, ಕಪ್ಪು ಪಟ್ಟಿ ಹಾಡಿಯನ್ನು ಸುತ್ತುತ್ತಾ ಬಂತು.

ಗಡಿಯ ರಾಶಿಗಳನ್ನೂ ಸುಟ್ಟು ಕರಗಿಸಿದರು. ಜಡೆಯಜ್ಜ ಮಾತ್ರ ತನ್ನ ರಾಶಿ ಮುಟ್ಟಗೊಡಲಿಲ್ಲ. “ಇದೊಂದು ಇರಲಿ. ಎಡೆ ಇಡದೆ ಬೆಂಕಿ ಮುನಿಸಿಕೊಂಡರೆ?” ಅಂತ ಅದರ ಪಕ್ಕದಲ್ಲೇ ಕಾವಲು ಕೂತ. ಪಟ್ಟಿ ಅಲ್ಲಿಗೆ ಬಂದು ತುಂಡಾಯಿತು. ಗುಡಿಸಲಿನ ಬಾಗಿಲಷ್ಟು ಅಗಲದ ಸಂದು ಉಳಿಯಿತು, ಸಂದಿನ ಬಾಯಲ್ಲಿ ಅಜ್ಜನ ರಾಶಿ.

ಮುತ್ತುಗದ ಹೂ ಉದುರಿತು. ಅದೇ ಬೆಳಿಗ್ಗೆ ಮಾದಿಗೆ ನೋವು ಶುರುವಾಯಿತು. ಅದೇ ಮಧ್ಯಾಹ್ನ ಕಾಜಾಣ ಚೀರುತ್ತಾ ಬಂತು. “ಬತ್ತಾ ಅದೆ! ಏರು ಹತ್ತತಾ ಅದೆ!”

ಹಾಡಿಯವರು ಬೆಟ್ಟದ ಕಡೆ ನೋಡಿದರು, ಮಾದಿಯ ಗುಡಿಸಲಿನ ಕಡೆ ನೋಡಿದರು. ಒಬ್ಬರೂ ಓಡಲಿಲ್ಲ. ಹೆಂಗಸರು ಮರಿಯ ಮಡಕೆ, ಹಸಿ ಕೊಂಬೆ ಹಿಡಿದು ಪಟ್ಟಿಯುದ್ದಕ್ಕೂ ನಿಂತರು. ಕೇತವ್ವ ಮಗಳ ಹಣೆ ಒರೆಸಿ, ಸೂಲಗಿತ್ತಿಗೆ ಒಪ್ಪಿಸಿ, ಕಪ್ಪು ಪಟ್ಟಿಗೆ ಬಂದು ನಿಂತಳು. ಗಾಳಿ ಮುಂದೆ ಓಡುತ್ತಿತ್ತು, ಅದರ ಬೆನ್ನಿಗೇ ದೊಡ್ಡ ಬೆಂಕಿ ಭೋರೆಂದು ಬರುತ್ತಿತ್ತು.

“ಗಾಳೀ, ಒಸಿ ಮೆಲ್ಲಗೆ!” ಅಂತ ಕೂಗಿದಳು.

“ನಾನೇನು ಮಾಡಲಿ ಕೇತವ್ವ? ನನ್ನ ಬಾಲ ಹಿಡ್ಕೊಂಡದೆ, ಬಿಡೋದೇ ಇಲ್ಲ!” ಅಂದಿತು ಗಾಳಿ ಏದುಸಿರು ಬಿಡುತ್ತಾ.

ಅಷ್ಟರಲ್ಲಿ ಬೆಂಕಿ ಮೂಗರಳಿಸಿ ತಲೆ ತಿರುಗಿಸಿತು. ಅಜ್ಜನ ರಾಶಿಯ ವಾಸನೆ ಬಡಿದಿತ್ತು. ನೆಟ್ಟಗೆ ಸಂದಿನ ಕಡೆಗೇ ಹೊರಟಿತು.

ಜಡೆಯಜ್ಜ ಅದನ್ನು ಕಂಡ. ಗುಡಿಸಲಿನೊಳಗೆ ಮಾದಿ ಕೂಗಿದ್ದನ್ನೂ ಕೇಳಿದ. ಆಮೇಲೆ ಪಕ್ಕದವಳ ಕೈಯಿಂದ ಮರಿಯ ಮಡಕೆ ಕಿತ್ತುಕೊಂಡು ತನ್ನ ರಾಶಿಗೆ ತಾನೇ ಸುರಿದ.

“ತಿನ್ನು ಮರೀ, ನಿಮ್ಮಪ್ಪ ಬರೋದ್ರೊಳಗೆ ತಿಂದು ಮುಗ್ಸು!”

ಮರಿ ಗಬಗಬನೆ ತಿಂದಿತು. ಸಂದಿನ ಹುಲ್ಲನ್ನೂ ಬಳಿದು ತಿಂದಿತು. ಹೆಂಗಸರು ಸುತ್ತ ನಿಂತು ಹಸಿ ಕೊಂಬೆಯಲ್ಲಿ ಬಡಿದರು. ಅಜ್ಜನ ಅರ್ಧ ಮೀಸೆಯೂ ಸುಟ್ಟುಹೋಯಿತು, ಪಾಪ. ದೊಡ್ಡ ಬೆಂಕಿ ಬಂದು ತಲುಪುವ ಹೊತ್ತಿಗೆ ಸಂದು ಕಪ್ಪಗಾಗಿತ್ತು.

ಬೆಂಕಿ ಪಟ್ಟಿಯ ಅಂಚಿಗೆ ಬಂದು ಕಾಲೆತ್ತಿತು. ಹಾರಲು ನೋಡಿತು, ಆಗಲಿಲ್ಲ. ಎಡಕ್ಕೆ ಓಡಿತು, ಅಲ್ಲೂ ಕಪ್ಪು. ಬಲಕ್ಕೆ ಓಡಿತು, ಅಲ್ಲೂ ಕಪ್ಪು.

“ಏನಿದು?” ಅಂತ ಗುಡುಗಿತು. “ಏನಿದು ನನ್ನ ಮುಂದೆ?”

ಕೇತವ್ವ ಹೇಳಿದಳು, “ಕೆಳಗೆ ನೋಡು.”

ಹುಟ್ಟಿದಾಗಿನಿಂದ ಬೆಂಕಿ ಕೆಳಗೆ ನೋಡಿರಲಿಲ್ಲ. ಅದರ ಕಣ್ಣು ಯಾವಾಗಲೂ ಮುಂದಿನ ಹುಲ್ಲಿನ ಮೇಲೆ, ಮುಂದಿನ ಮರದ ಮೇಲೆ. ಈಗ ಮೊದಲ ಸಲ ತಲೆ ಬಗ್ಗಿಸಿತು.

“ಇದು ಯಾರ ಹೆಜ್ಜೆ?”

“ನಿಂದೇ ಕಣಪ್ಪ. ನಿನ್ನ ಮಗುಂದು. ಇದು ನೀವು ಉಂಡ ಎಲೆ.”

ಬೆಂಕಿ ನೋಡಿತು. ಹಿಂದೆ ತಿರುಗಿಯೂ ನೋಡಿತು. ತಗ್ಗಿನ ತನಕ ನೆಲವೆಲ್ಲ ಕಪ್ಪು.

“ಹಾಗಾದ್ರೆ ನನ್ನ ಊಟ... ಆಯ್ತಾ?” ಅಂದಿತು. ಅದರ ದನಿ ಸಣ್ಣಗಾಗಿತ್ತು.

“ಆಯ್ತು ಕಣಪ್ಪ. ಆಯ್ತು.”

“ಆಯ್ತು ಅಂತ ನಂಗೆ ಯಾರೂ ಹೇಳೇ ಇರಲಿಲ್ಲ ಅವ್ವಾ. ಓಡಿ ಓಡಿ ಎಷ್ಟು ದಣಿದಿದ್ದೀನಿ ಗೊತ್ತಾ? ನಾನೀಗ ಕೂರಬಹುದಾ?”

ಕೇತವ್ವನ ಕಣ್ಣು ತುಂಬಿತು. ಇಷ್ಟು ವರ್ಷ ತಾವೆಲ್ಲ ಹೆದರಿ ಓಡಿದ್ದು, ನಿಲ್ಲುವುದು ಗೊತ್ತಿಲ್ಲದೆ ತಾನೂ ಓಡುತ್ತಿದ್ದ ಒಂದು ಜೀವಕ್ಕೆ. “ಕೂತ್ಕೊ ಮಗ, ಕೂತ್ಕೊ,” ಅಂದಳು.

ಬೆಂಕಿ ಕೂತಿತು. ಮೂರಾಳೆತ್ತರ ಇದ್ದದ್ದು ಮೊಣಕಾಲೆತ್ತರವಾಯಿತು, ಗೇಣೆತ್ತರವಾಯಿತು, ಆಮೇಲೆ ತನ್ನ ಬೂದಿಯನ್ನೇ ಹೊದ್ದು ಮಲಗಿತು. ಬಾಲ ಬಿಡಿಸಿಕೊಂಡ ಗಾಳಿ ಉಸ್ಸಪ್ಪಾ ಅಂತ ಮರವೊಂದರ ಮೇಲೆ ಕೂತು ಬೆವರು ಆರಿಸಿಕೊಂಡಿತು.

ಆ ಹೊತ್ತಿಗೆ ಗುಡಿಸಲಿನಿಂದ ಕೂಸಿನ ಅಳು ಕೇಳಿತು.

ಜಡೆಯಜ್ಜ ಅರ್ಧ ಮೀಸೆಯಲ್ಲೇ ನಕ್ಕ, ನಗುತ್ತಲೇ ಅತ್ತ. “ಕೇತವ್ವಾ, ಅಪ್ಪನೂ ನಿಂತ ಕಣೇ,” ಅಂದ. “ಹಾಕು ಗಂಟು.”

“ಒಂದೇ ಸಲ ತಾನೇ ಅಜ್ಜಾ? ಇನ್ನೂ ಎರಡು ವರ್ಷ ನೋಡಬೇಕು,” ಅಂದಳು ಕೇತವ್ವ. ಅಂದವಳೇ ಮಗಳ ಬಳಿಗೆ ಓಡಿದಳು. ಆ ವರ್ಷ ಹಾಡಿಯಲ್ಲಿ ಓಡಿದವಳು ಅವಳೊಬ್ಬಳೇ.

ಮುಂದಿನ ವರ್ಷವೂ ಬೆಂಕಿ ಬಂತು, ಕಪ್ಪು ನೆಲ ಕಂಡು ಕೂತಿತು. ಅದರ ಮುಂದಿನ ವರ್ಷವೂ ಕೂತಿತು. ಮೂರನೆಯ ವರ್ಷದ ಗಂಟನ್ನು ಕೇತವ್ವ ತಾನು ಹಾಕಲಿಲ್ಲ. ಓಡುವುದೇ ಗೊತ್ತಿಲ್ಲದೆ ಬೆಳೆದ ಮೊಮ್ಮಗಳ ಪುಟ್ಟ ಬೆರಳು ಹಿಡಿದು ಹಾಕಿಸಿದಳು.

ಅದಕ್ಕೇ ಇವತ್ತಿಗೂ ಬೇಸಿಗೆ ಬಲಿಯುವ ಮುಂಚೆ ಬೆಟ್ಟದ ಜನ ಒಂದು ಪಟ್ಟಿ ಹುಲ್ಲನ್ನು ತಾವೇ ಸುಟ್ಟಿಡುತ್ತಾರೆ, ಎಷ್ಟೇ ಅಬ್ಬರಿಸಿಕೊಂಡು ಬಂದ ಬೆಂಕಿಯೂ ಆ ಕಪ್ಪು ನೆಲ ಕಂಡರೆ ತಲೆ ಬಗ್ಗಿಸಿ, ಊಟ ಆಯ್ತು ಅಂತ ನೆನಪಾಗಿ, ಅಲ್ಲೇ ಕೂತುಬಿಡುತ್ತದೆ.