ಮೂಡ್ಲನ ಉಗುಳಿಗೆ ಅಜ್ಜಿಯ ಒಪ್ಪಿಗೆ

ಬನ್ನಿ, ಕೂತ್ಕೊಳ್ಳಿ. ಎಲೆ ಅಡಿಕೆ ಇಟ್ಕೊಂಡಿರೋರು ನನ್ನ ಪಕ್ಕಕ್ಕೆ ಸರೀರಿ. ನಾನು ಸ್ಕೂಲಿನ ಬಾಗಿಲು ಕಂಡೋನಲ್ಲ. ಆದ್ರೆ ನಾನು ಕತೆ ಶುರು ಮಾಡಿದ್ರೆ ಕೆರೆ ಮೇಲೆ ಹಾರೋ ಕೊಕ್ಕರೆ ರೆಕ್ಕೆ ಬಡಿಯೋದು ಮರೆತು ಗಾಳೀಲೇ ನಿಂತುಬಿಡ್ತದೆ. ಒಂದೆರಡು ಕೆಳಕ್ಕೆ ಬಿದ್ದೂ ಅವೆ.

ಕೆರೆ ಕೆಳಗಿನ ಬೀದೀಲಿ ಕೆಂಚಮ್ಮ ಅಂತ ಒಬ್ಳು. ಕೆರೆಯ ಜೊಂಡು ಕೊಯ್ದು, ಒಣಗಿಸಿ, ಚಾಪೆ ಹೆಣೆಯೋಳು. ಗಂಡ ಇಲ್ಲ. ಒಬ್ಬನೇ ಮಗ, ಮೂಡ್ಲ. ಮೀಸೆ ಬಂದಿತ್ತು, ಬುದ್ಧಿ ಇನ್ನೂ ದಾರೀಲಿತ್ತು. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು. ಇವತ್ತು ಹೇಳಿದ್ದನ್ನೂ ಮಾಡೋನು, ಹೋದ ವರ್ಷ ಹೇಳಿದ್ದನ್ನೂ ಮಾಡೋನು. ಒಂದನ್ನೂ ಮರೆಯೋನಲ್ಲ, ಅದೇ ಕಷ್ಟ.

ಕೆಂಚಮ್ಮನಿಗೆ ಇರುಳುಗಣ್ಣು. ಹೊತ್ತು ಮುಳುಗಿತೋ, ಅವಳಿಗೆ ಗೋಡೆಯೂ ಒಂದೇ, ಬಾಗಿಲೂ ಒಂದೇ. ಅವಳ ಅವ್ವನಿಗೂ ಹಿಂಗೇ ಶುರುವಾಗಿ, ಕೊನೆಗೆ ಹಗಲೂ ಕಾಣದಂಗಾಗಿ ಹೋಯ್ತು. ಕೆಂಚಮ್ಮ ಇದನ್ನ ಊರಿಗೆ ಬಿಟ್ಟುಕೊಟ್ಟಿರಲಿಲ್ಲ. ಗೊತ್ತಾದ್ರೆ ಮಗನಿಗೆ ಹೆಣ್ಣು ಯಾರು ಕೊಡ್ತಾರೆ? ಮೊದಲೇ ಪೆದ್ದ.

ಇದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಹೋದ ಬೇಸಿಗೆಯಿಂದ, ಕತ್ತಲಾದ್ರೆ ಸಾಕು, ಮೂಡ್ಲನೂ ಹೊಸ್ತಿಲು ಎಡವೋನು. ಚೊಂಬು ಒದೆಯೋನು. ಚೊಂಬು ಢಣ್ ಅಂದ್ರೆ ತಾಯಿ ಎದೇನೂ ಢಣ್ ಅನ್ನೋದು. ಯಾಕೋ ಅಂತ ಒಂದು ದಿನಾನೂ ಕೇಳಲಿಲ್ಲ. ಕೇಳಿದ್ರೆ ಅವನು ಹೇಳಿಬಿಡ್ತಾನಲ್ಲ.

ಹಿಂಗಿರೋವಾಗ ಸ್ಕೂಲಿನ ಹತ್ರ ಒಂದು ವ್ಯಾನು ಬಂತು. ವ್ಯಾನಲ್ಲಿ ಒಬ್ರು ಡಾಕ್ಟ್ರಮ್ಮ. ಕಣ್ಣಿನ ಕಾಯಿಲೆ ಹೆತ್ತೋರಿಂದ ಮಕ್ಕಳಿಗೆ ಹೆಂಗೆ ಇಳಿದು ಬರ್ತದೆ ಅಂತ ಕಂಡುಹಿಡಿಯೋಕೆ ಬಂದಿದ್ರು. ಅದಕ್ಕೆ ಸೂಜಿ ಬೇಡ, ಮಾತ್ರೆ ಬೇಡ, ಒಂದು ಸಣ್ಣ ಕೊಳವೆಗೆ ಉಗುಳು ಕೊಟ್ರೆ ಸಾಕು. ಮೂಡ್ಲ ಚಾಪೆ ಹೊತ್ಕೊಂಡು ಆ ಕಡೇನೇ ಹೋಗ್ತಿದ್ದ.

"ಏನಪ್ಪ, ನಿಮ್ಮನೇಲಿ ಯಾರಿಗಾದ್ರೂ ಇರುಳುಗಣ್ಣು ಇದೆಯಾ?"

"ಅವ್ವ ಯಾರಿಗೂ ಹೇಳ್ಬೇಡ ಅಂದವಳೆ. ಅದಕ್ಕೇ ಅವಳಿಗೆ ಇದೆ ಅಂತ ನಾನು ಹೇಳಾಕಿಲ್ಲ."

ಡಾಕ್ಟ್ರಮ್ಮ ನಗಲಿಲ್ಲ. ಅವನನ್ನ ಮರದ ಕೆಳಕ್ಕೆ ಕರ್ಕೊಂಡು ಹೋಗಿ ಮೆಲ್ಲಗೆ ಎಲ್ಲ ತಿಳಿಸಿದ್ರು.

"ಉಗುಳು ತಾನೆ? ಕೊಡ ತರ್ಲಾ?" ಅಂದ ಮೂಡ್ಲ.

"ಹಂಗಲ್ಲಪ್ಪ. ನಿನ್ನ ಉಗುಳಲ್ಲಿ ನೀನೊಬ್ಬನೇ ಇಲ್ಲ. ನಿಮ್ಮವ್ವ ಇದಾರೆ, ನಿಮ್ಮಜ್ಜಿ ಇದಾರೆ. ಮೊದಲು ಮನೇಲಿ ಕೇಳು. ಯಾಕೆ, ಏನು ಅಂತ ತಿಳಿಸು. ಯೋಚನೆ ಮಾಡೋಕೆ ಟೈಮ್ ಕೊಡು. ಬೇಡ ಅಂದ್ರೆ ಬಿಟ್ಟುಬಿಡು, ಬಲವಂತ ಇಲ್ಲ."

ಮೂಡ್ಲನಿಗೆ ಕೈಕಾಲೇ ಆಡಲಿಲ್ಲ. ಬಾಯೊಳಗೆ ಅವ್ವ ಅವಳೆ, ಅಜ್ಜಿ ಅವಳೆ! ನುಂಗಂಗಿಲ್ಲ, ಉಗಿಯಂಗಿಲ್ಲ. ಬಾಯಿ ಗಟ್ಟಿ ಮುಚ್ಕೊಂಡ. ದಾರೀಲಿ ಸಿಕ್ಕೋರು ಮಾತಾಡಿಸಿದ್ರೆ ಬರೀ ತಲೆ ಆಡಿಸಿದ. ಕೆನ್ನೆ ಎರಡೂ ಕುಂಬಳಕಾಯಿ ಆದ್ವು. ನೀವು ನಂಬಲ್ಲ, ಅವನ ಮುಖದ ನೆರಳಲ್ಲಿ ಒಂದು ಕುರಿ ಮಲಗಿತ್ತು, ನಾನೇ ಕಂಡೆ.

ಮನೇಲಿ ಕೆಂಚಮ್ಮ, "ಚಾಪೆ ಮಾರಿದ್ಯೇನೋ?" ಅಂದ್ಲು.

"ಮ್ಞೂಂ."

"ಮಾರದೆ ತಂದ್ಯಾ?"

"ಮ್ಞೂಂ."

"ಹಲ್ಲು ನೋವಾ? ಬಾಯಿ ಬಿಡು, ನೋಡಾಣ." ಅಂತ ಬೆನ್ನ ಮೇಲೆ ಒಂದು ಗುದ್ದಿದಳು. ಅಷ್ಟೂ ಅವಳ ಸೆರಗಿನ ಮೇಲೆ ಬಂತು.

"ಅಯ್ಯೋ, ಅಜ್ಜಿ ಚೆಲ್ಲೋದ್ಲು!" ಅಂತ ಮೂಡ್ಲ ಅತ್ತ. ಅಳ್ತಾ ಅಳ್ತಾ ಡಾಕ್ಟ್ರಮ್ಮ ಹೇಳಿದ್ದನ್ನೆಲ್ಲ ಒಪ್ಪಿಸಿದ.

ಕೆಂಚಮ್ಮನ ಮುಖ ಸಣ್ಣಗಾಯ್ತು. ಆಮೇಲೆ ಬೈದಳು. "ಎಂಜಲು ಯಾರಿಗಾದ್ರೂ ಕೊಡ್ತಾರೇನ್ಲಾ? ಬೇಡ. ಕೇಳು ಅಂದ್ರೆ ಬಾಯಲ್ಲಿ ತುಂಬ್ಕೊಂಡು ಬರೋದಲ್ಲ. ಯಾರದ್ದೋ ಅವರ ಮುಂದೆ ನಿಂತು, ಬಾಯಿ ಬಿಟ್ಟು ಕೇಳಬೇಕು. ತಿಳೀತಾ?"

"ತಿಳೀತವ್ವ."

ಮಾರನೇ ದಿನ ಬೆಳಿಗ್ಗೆ, "ಹೋಗಿ ಹಾಲು ಕರ್ಕೊಂಡು ಬಾ" ಅಂತ ಚೊಂಬು ಕೊಟ್ಲು. ಮೂಡ್ಲ ಎಮ್ಮೆ ಮುಂದೆ ನಿಂತ.

"ಎಮ್ಮೆ, ಈಗ ನಾನು ನಿನ್ನ ಹಾಲು ಕರೀತೀನಿ. ಅರ್ಧ ಡೈರಿಗೆ, ಅರ್ಧ ಮಜ್ಜಿಗೆಗೆ. ನಿನ್ನ ಹಾಲಲ್ಲಿ ನಿನ್ನ ಅವ್ವನೂ ಇರಬೈದು, ನಂಗೊತ್ತಿಲ್ಲ. ಯೋಚನೆ ಮಾಡಿ ಹೇಳು. ಬೇಡ ಅಂದ್ರೂ ನಿನ್ನ ಹುಲ್ಲಿಗೇನೂ ಕಮ್ಮಿ ಮಾಡಲ್ಲ."

ಕಾದ, ಕಾದ, ಕೊನೆಗೆ ಎಮ್ಮೆ ನೊಣಕ್ಕೆ ತಲೆ ಒದರಿತು.

"ಆಗಲಿ, ಬಲವಂತ ಇಲ್ಲ" ಅಂದು ಖಾಲಿ ಚೊಂಬು ತಂದ. ಒಳಗೆ ಬಂದು ನೋಡಿದ್ರೆ ಒಲೆ ಮೇಲೆ ಕಾಫಿ ನೀರು ಬತ್ತಿ ಹೋಗಿತ್ತು.

ಕೆಂಚಮ್ಮ ತಲೆ ಮೇಲೆ ಕೈ ಹೊತ್ಲು. "ಬಾಯಿಲ್ಲದ್ದನ್ನ ಹೋಗಿ ಕೇಳಿದ್ಯಲ್ಲೋ ನನ್ನಪ್ಪ. ಬಾಯಿಲ್ಲದಿದ್ರೆ, ಮನೆಗೆ ದೊಡ್ಡೋರು ಯಾರೋ ಅವರನ್ನ ಕೇಳು."

"ಹಂಗಾದ್ರೆ ನೀನೇ ದೊಡ್ಡೋಳು. ಕೇಳ್ತೀನಿ. ಆ ಡಾಕ್ಟ್ರಮ್ಮನಿಗೆ ಉಗುಳು ಕೊಡ್ಲಾ?"

"ಬೇಡ ಅಂದ್ನಲ್ಲ."

"ಯಾಕವ್ವ?"

ಯಾಕೆ ಅಂತ ಹೇಳೋದು? ಆ ಉಗುಳಲ್ಲಿ ಇವನಿಗೂ ಕಣ್ಣು ಹೋಗ್ತದೆ ಅಂತ ಬರೆದಿದ್ರೆ, ಅದನ್ನ ಕೇಳಿಸ್ಕೊಂಡು ಬದುಕೋದು ಹೆಂಗೆ ಅಂತಾನಾ? ಹೆಣೆಯೋ ಚಾಪೆ ಕಡೆ ತಿರುಗಿ, "ನಾನೇನು ದೊಡ್ಡೋಳು? ಇದು ನಮ್ಮವ್ವನಿಂದ ಬಂದಿದ್ದು. ಕೇಳಿದ್ರೆ ಅವಳನ್ನ ಕೇಳಬೇಕು" ಅಂದ್ಲು. ಮಾತು ಮುಗಿಸೋಕೆ ಅಂದಿದ್ದು ಅಷ್ಟೇ.

ಊಟದ ಹೊತ್ತಿಗೆ ಮೂಡ್ಲ ಇಲ್ಲ. ಕೆಂಚಮ್ಮ ಹುಡುಕ್ಕೊಂಡು ಹೊರಟ್ಲು. ಕೆರೆ ಕೋಡಿ ಹತ್ರ, ಅವಳವ್ವನ್ನ ಮಣ್ಣು ಮಾಡಿದ ಜಾಗದಲ್ಲಿ, ಮಗ ಚಕ್ಕಳಮಕ್ಕಳ ಹಾಕ್ಕೊಂಡು ಕೂತಿದ್ದ. ಅಜ್ಜಿಗೆ ಬಿಸಿಲು ಬೀಳಬಾರದು ಅಂತ ಗುಡ್ಡೆ ಮೇಲೆ ತನ್ನ ಟವಲ್ಲು ಹಾಸಿದ್ದ.

"ಅಜ್ಜೀ, ಎಲ್ಲ ಹೇಳಿದೀನಿ. ನಿಧಾನವಾಗಿ ಯೋಚನೆ ಮಾಡು, ನಾನು ಇಲ್ಲೇ ಇರ್ತೀನಿ. ಕೊಟ್ರೆ ನಿನ್ನ ಕಣ್ಣು ಬರಾಕಿಲ್ಲ. ಅವ್ವಂದೂ ವಾಸಿ ಆಯ್ತದೆ ಅಂತ ಮಾತು ಕೊಡಾಕಾಗಲ್ಲ ಅಂತೆ. ಮುಂದೆ ಹುಟ್ಟೋರಿಗೆ ಆದ್ರೂ ಆಗಬೈದು ಅಂತೆ. ನಿನ್ನ ಕಣ್ಣು ಹೋದಾಗ ಯಾರೂ ಬಂದು ಕೇಳಲಿಲ್ಲ, ಮೂಲೇಲಿ ಕೂತಿದ್ದೆ ಅಂತ ಅವ್ವ ಅಳ್ತಾಳೆ. ಈಗ ಒಬ್ರು ಕೇಳ್ತಾವ್ರೆ, ಅದಕ್ಕೇ ಬಂದೆ. ಬೇಡ ಅಂದ್ರೆ ಬಿಡು. ಅವ್ವನ ಕಣ್ಣಿಗೆ ನಾನಿದೀನಿ."

ಕೆಂಚಮ್ಮ ಲಂಟಾನ ಪೊದೆ ಹಿಂದೆ ನಿಂತು ಸೆರಗು ಬಾಯಿಗೆ ಒತ್ಕೊಂಡ್ಲು. ಆಮೇಲೆ ಅಲ್ಲಿಂದಲೇ, "ಹ್ಞೂಂ ಕಣ್ಲಾ, ಕೊಡು" ಅಂದ್ಲು.

ಮೂಡ್ಲ ಗುಡ್ಡೆಗೆ ಕಿವಿ ಕೊಟ್ಟ. "ಅಜ್ಜೀ, ನಿನ್ನ ದನಿ ಥೇಟ್ ಅವ್ವನ ದನಿ ಇದ್ದಂಗೇ ಅದೆ."

"ಇರದೇ ಇರ್ತದಾ?" ಅಂತ ಅಳ್ತಾ ನಗ್ತಾ ಪೊದೆ ಹಿಂದಿನಿಂದ ಬಂದ್ಲು.

ಅವತ್ತೇ ಸಾಯಂಕಾಲಕ್ಕೆ ತಾಯಿ ಮಗ ಇಬ್ರೂ ವ್ಯಾನಿನ ಹತ್ರ ಹೋದ್ರು. ಡಾಕ್ಟ್ರಮ್ಮ ಇನ್ನೊಂದು ಸಲ ಎಲ್ಲ ಹೇಳಿದ್ರು. "ನಿಮ್ಮ ಹೆಸರು ತೆಗೆದು ನಂಬರ್ ಹಾಕ್ತೀವಮ್ಮ, ಇದು ಯಾರದ್ದು ಅಂತ ಊರಿಗೆ ಗೊತ್ತಾಗಲ್ಲ. ಮುಂದೆ ಯಾವತ್ತಾದ್ರೂ ಬೇಡ ಅನ್ನಿಸಿದ್ರೆ ಹೇಳಿ, ನಿಲ್ಲಿಸ್ತೀವಿ."

ಕೆಂಚಮ್ಮ ದನಿ ತಗ್ಗಿಸಿ, "ಒಂದು ಮಾತು ತಾಯಿ. ನನ್ನ ಮಗನಿಗೆ ಅದು ಬಂದದೋ ಇಲ್ವೋ, ಅದನ್ನ ಮಾತ್ರ ನಂಗೆ ಹೇಳ್ಬೇಡಿ" ಅಂದ್ಲು.

"ಬೇಡ ಅಂದ್ರೆ ಹೇಳಲ್ಲಮ್ಮ. ಅದೂ ನಿಮ್ಮಿಷ್ಟ."

ಇಬ್ರೂ ಉಗುಳು ಕೊಟ್ರು. ಮೂಡ್ಲ ತನ್ನ ಕೊಳವೆಗೆ ಕೈ ಮುಗಿದು, "ಹೋಗ್ಬಾ ಅಜ್ಜಿ" ಅಂದ.

ವಾಪಸ್ಸು ಬರೋವಾಗ ಕೆರೆ ಏರಿ ಮೇಲೆ ಹೊತ್ತು ಮುಳುಗಿತು. ಕೆಂಚಮ್ಮನಿಗೆ ಲೋಕವೇ ಕರ್ರಗಾಯ್ತು. ಮಗನ ಹೆಗಲು ಹುಡುಕಿದಳು, ಸಿಗಲಿಲ್ಲ.

"ಮೂಡ್ಲಾ."

ಉತ್ತರ ಇಲ್ಲ.

"ಲೋ ಮೂಡ್ಲಾ, ಎಲ್ಲಿದೀಯೋ?"

ಉತ್ತರ ಇಲ್ಲ. "ಮಗಾ..." ಅಂದ್ಲು.

"ಏನವ್ವಾ?" ಪಕ್ಕದಲ್ಲೇ ಇದ್ದ.

"ಕೂಗಿದ್ರೆ ಓ ಅನ್ನಬಾರದಾ?"

"ಹೆಸರು ತೆಗೆದ್ರಲ್ಲವ್ವ ಡಾಕ್ಟ್ರಮ್ಮ. ಮಗ ಅನ್ನೋದು ತೆಗೆದಿಲ್ಲ, ಅದಕ್ಕೆ ಓ ಅಂದೆ."

ಹೆಗಲ ಮೇಲೆ ಕೈ ಇಟ್ಟು, "ನಡಿ" ಅಂದ್ಲು. ನಡೆದ. ಹತ್ತಾರು ಹೆಜ್ಜೆ ಹೋಗಿರಬೇಕು, ಮೂಡ್ಲ ಏರಿಯಿಂದ ನೆಟ್ಟಗೆ ಕೆಳಕ್ಕೆ ಇಳಿದ. ಅವನ ಹಿಂದೆ ಅವಳು. ದಬಕ್ ಅಂತ ಇಬ್ರೂ ಜೊಂಡಿನ ಕೆಸರಲ್ಲಿ!

ಕೆಸರಲ್ಲಿ ಕೂತೇ ಕೆಂಚಮ್ಮ ಅವನ ಮುಖ ತಡವಿದಳು. ಹೋದ ಬೇಸಿಗೆಯಿಂದ ಕೇಳದೆ ಇದ್ದಿದ್ದನ್ನ ಈಗ ಕೇಳಿದಳು. "ಮಗಾ, ಕತ್ತಲಾದ್ರೆ ನಿಂಗೂ ಕಣ್ಣು ಕಾಣಾಕಿಲ್ವೇನೋ?"

"ಕಾಣ್ತದವ್ವ."

"ಸುಳ್ಳು ಹೇಳ್ಬೇಡ."

"ಕಾಣ್ತದೆ. ಚಂದ್ರ ಕಾಣ್ತಾನೆ, ಕೊಕ್ಕರೆ ಕಾಣ್ತವೆ, ನಿನ್ನ ಮೂಗಿನ ಮೇಲೆ ಕೆಸರು ಕಾಣ್ತದೆ. ಆಗ ಮುಚ್ಕೊಂಡಿದ್ದೆ."

"ಯಾಕೋ ಮುಚ್ಕೊಂಡಿದ್ದೆ?"

"ಹೋದ ಬೇಸಿಗೇಲಿ, ಅತ್ತೆ ಮನೆಯಿಂದ ಬರೋವಾಗ ನಾನು ಮುಂದೆ ಮುಂದೆ ಓಡ್ತಿದ್ದೆ. ಕತ್ತಲಾದ ಮೇಲೆ ಹಂಗೆ ಓಡ್ಬೇಡ, ನಾನು ನಡೆದಂಗೇ ನಡಿ ಅಂತ ನೀನೇ ಅಂದ್ಯಲ್ಲವ್ವ. ನಿಂಗೆ ಕಾಣಾಕಿಲ್ಲ. ಅದಕ್ಕೇ ಕಣ್ಣು ಮುಚ್ಕೊಂಡು ನಡೀತೀನಿ."

ಕೆಂಚಮ್ಮ ನಕ್ಕ ನಗುವಿಗೆ ಕೆರೆಯ ಮೀನೆಲ್ಲ ಆಚೆ ದಡಕ್ಕೆ ಓಡಿದ್ವು. ನಾನು ಆ ದಡದಲ್ಲಿ ಬರೀ ಪಂಚೆ ಹಿಡಿದು ಒಂದು ಬುಟ್ಟಿ ತುಂಬಿಸಿದೆ. ನಗ್ತಾ ನಗ್ತಾನೇ ಅವಳು ಮಗನ್ನ ತಬ್ಕೊಂಡು ಅತ್ಲು. ಅತ್ತು ಸಾಕಾದ ಮೇಲೆ ಬೈದಳು. "ಪೆದ್ದ ನನ್ಮಗನೆ, ಇನ್ಮೇಲೆ ಕತ್ತಲಾದ್ರೆ ಕಣ್ಣು ಬಿಟ್ಕೊಂಡಿರು. ತಿಳೀತಾ?"

"ತಿಳೀತವ್ವ."

ಆವತ್ತಿಂದ ಮೂಡ್ಲ ರಾತ್ರಿಯೆಲ್ಲ ಕಣ್ಣು ಬಿಟ್ಕೊಂಡೇ ಮಲಗ್ತಾನೆ. ಗೊರಕೆ ಹೊಡೀತಾನೆ, ಕನಸು ಕಾಣ್ತಾನೆ, ಕಣ್ಣು ಮಾತ್ರ ಕೆರೆಯಷ್ಟು ಅಗಲ. ಮುಚ್ಕೊಳ್ಳೋ ಅಂದ್ರೆ, ಕತ್ತಲು ಇನ್ನೂ ಹೋಗಿಲ್ವಲ್ಲವ್ವ ಅಂತಾನೆ. ಕೆಂಚಮ್ಮನಿಗೆ ಅದು ಕಾಣೋದಿಲ್ಲ. ಕೈಲಿ ತಡವಿ ನೋಡ್ತಾಳೆ, ರೆಪ್ಪೆ ತೆರೆದೇ ಇರ್ತವೆ. ಅಂಗೈಯನ್ನ ಅವನ ಕಣ್ಣ ಮೇಲೆ ಮುಚ್ಚಿಟ್ಟು, ಹಂಗೇ ನಿದ್ದೆ ಹೋಗ್ತಾಳೆ.