ತೋರಣಗುಂಡಿ

ಹಳೇಗಡಕ್ಕೆ ಬಂದ ಹೊಸಬರು ಒಳ್ಳೆಯ ದ್ರಾಕ್ಷಿಮದ್ಯ ಎಲ್ಲಿ ಸಿಗುತ್ತದೆ ಎಂದು ಕೇಳಿದರೆ ಊರಿನವರು ತೋರಣಗುಂಡಿಗೆ ಕಳಿಸುತ್ತಾರೆ. ಹೆಸರು ಕೇಳಿ ಹಬ್ಬದ ಜಾಗವೆಂದುಕೊಂಡರೆ ಬೇಸ್ತು ಬೀಳುತ್ತೀರಿ. ಓಣಿಯ ತುದಿಗೆ ಬಾಯ್ತೆರೆದ ದೊಡ್ಡ ಗುಂಡಿ, ಅಲ್ಲಿಯವರೆಗೂ ಸಾಲು ಅಂಗಡಿ, ಕುಡಿಯುತ್ತ ಕೂರಲು ಕಲ್ಲಿನ ಕಟ್ಟೆ, ಅಷ್ಟೆ.

ಹಿಂದೆ ಒಮ್ಮೆ ಇಲ್ಲಿ ಅಂಗಡಿಗಳಿರಲಿಲ್ಲ, ಮನೆಮನೆಯ ನೆಲಮಾಳಿಗೆಯಲ್ಲೇ ಮದ್ಯ ಹದವಾಗುತ್ತಿತ್ತು ಎನ್ನುತ್ತಾರೆ. ಯಾರ ಗಡಿಗೆ ಹದಕ್ಕೆ ಬಂತೋ ಅವರ ಬಾಗಿಲಿಗೆ ದ್ರಾಕ್ಷಿ ಎಲೆಯ ತೋರಣ. ಅದನ್ನು ನೋಡಿ ಗಿರಾಕಿ ಬರಬೇಕು. ಮಾರುವವನು ಪಂಜು ಹಿಡಿದು ಮುಂದಾಗಿ ಇಳಿದು ಮೊದಲ ಗುಟುಕು ತಾನೇ ಕುಡಿಯಬೇಕು. ದ್ಯಾವಪ್ಪ ಹಾಗೆ ಮಾರಿ ಹೆಸರಾದವನು.

ಒಂದು ಮಧ್ಯಾಹ್ನ ಪರದಂಡು ಕೋಟೆಬಾಗಿಲು ಒಡೆದು ನುಗ್ಗಿತು. ಸಿಕ್ಕವರನ್ನು ಸಿಕ್ಕಲ್ಲೇ ಕಡಿದರು. ಬಾಗಿಲು ಕಾಯಲು ಹೋಗಿದ್ದವರಲ್ಲಿ ದ್ಯಾವಪ್ಪನೊಬ್ಬನನ್ನು ಉಳಿಸಿಕೊಂಡದ್ದು ತೋರಣ ಕಟ್ಟಿದ ಮದ್ಯದ ಮನೆ ಯಾವ ಓಣಿಯಲ್ಲಿದೆ ಎಂದು ತೋರಿಸಲಿಕ್ಕೆ. ಕಿವಿ ಕೊಯ್ದು, ಕುತ್ತಿಗೆಗೆ ಹಗ್ಗ ಬಿಗಿದು, ಹೆಣಗಳ ಮೇಲೆಯೇ ಎಳೆದು ತಂದರು. ಅವನು ನಡುಗಿದ್ದು ತನ್ನ ಪ್ರಾಣಕ್ಕಲ್ಲ. ಅವನ ನೆಲಮಾಳಿಗೆಯಲ್ಲಿ ಹೆಂಡತಿ ತುಳಜವ್ವ ಓಣಿಯ ಹೆಂಗಸರು ಮಕ್ಕಳನ್ನೆಲ್ಲ ಅಡಗಿಸಿಕೊಂಡಿದ್ದಳು. ಬೆಳಿಗ್ಗೆ ಕಟ್ಟಿದ ತೋರಣವನ್ನು ಬಿಚ್ಚದೆ ಬಂದೆನಲ್ಲ ಎಂದು ದಾರಿಯುದ್ದಕ್ಕೂ ತನ್ನನ್ನೇ ಶಪಿಸಿಕೊಂಡ.

ಓಣಿಗೆ ಬಂದು ನೋಡಿದರೆ ಅವನ ಬಾಗಿಲು ಬೋಳು. ತೋರಣ ಓಣಿಯ ತುದಿಯ ಪಾಳುಮನೆಯಲ್ಲಿ ತೂಗುತ್ತಿತ್ತು. ಅಲ್ಲಿನ ನೆಲಮಾಳಿಗೆಯಲ್ಲಿ ಕೋಟೆಯವರು ತೋಪಿನ ಸಿಡಿಮದ್ದು ತುಂಬಿಟ್ಟಿದ್ದು ಓಣಿಗೆಲ್ಲ ಗೊತ್ತು. ಗಂಡನೂ ಸತ್ತನೆಂದುಕೊಂಡ ತುಳಜವ್ವ, ಕೊಂದವರು ಮದ್ಯವೆಂದು ಪಂಜು ಹಿಡಿದು ಅಲ್ಲಿಗಿಳಿಯಲಿ ಎಂದು ತನ್ನ ಬಾಗಿಲಿನದನ್ನೇ ಬಿಚ್ಚಿ ಕಟ್ಟಿದ್ದಳು. ಗಂಟು ನೋಡಿಯೇ ಅವಳ ಕೈ ಎಂದು ದ್ಯಾವಪ್ಪನಿಗೆ ತಿಳಿಯಿತು. ಸೀದಾ ಆ ಬಾಗಿಲಿಗೇ ನಡೆದ.

ಇದೇನಾ ಮನೆ ಎಂದು ದಂಡಿನ ಸರದಾರ ಬೆನ್ನಿಗೆ ಕತ್ತಿ ಒತ್ತಿದ.

“ಹೌದ್ರಿ ಧಣಿ, ಇದss ನಮ್ಮ ಮನಿ. ಪಂಜು ಹಿಡದು ನಾನss ಮುಂದ ಇಳೀಬೇಕು, ನಮ್ಮೂರ ಪದ್ಧತಿ. ನಿಮ್ಮ ಮಂದೀನ್ನೆಲ್ಲಾ ಕರೀರಿ, ಗಡಿಗಿ ಭಾಳ ಅದಾವು.”

ದಂಡು ಹಸಿದ ದನದಂತೆ ನುಗ್ಗಿತು. ತನ್ನ ಮನೆಯ ಬಾಗಿಲಸಂದಿಯಿಂದ ಇಣುಕಿದ ತುಳಜವ್ವನಿಗೆ ಪಂಜು ಹಿಡಿದವನ ಗುರುತು ಸಿಕ್ಕಿದ್ದು ಆಗ. ಕೂಗಿದರೆ ಒಳಗಿನ ಮಕ್ಕಳು ಉಳಿಯುವುದಿಲ್ಲ. ಸೆರಗನ್ನು ಬಾಯಿಗೆ ತುರುಕಿಕೊಂಡಳು. ದ್ಯಾವಪ್ಪ ತೋರಣಕ್ಕೆ ತಲೆ ಬಗ್ಗಿಸಿ ಒಳಗಿಳಿದ. ಮರುಗಳಿಗೆ ನೆಲ ಸೀಳಿತು. ಕೈಕಾಲು, ಕಲ್ಲು, ಕತ್ತಿ ಊರೆಲ್ಲ ಉದುರಿದವು. ಯಾವುದು ಯಾರದೆಂದು ಆರಿಸಲಾಗಲಿಲ್ಲ, ಅವಳಿಗೂ.

ಆ ಗುಂಡಿಯೇ ಇದು. ಇಂದು ಓಣಿಯ ಅಂಗಡಿಗಳಿಗೆ ಬಣ್ಣದ ದೀಪ ಉಂಟು, ಬೋರ್ಡು ಉಂಟು. ಆದರೆ ಯುಗಾದಿಗಾಗಲಿ, ಮಗಳ ಮದುವೆಗಾಗಲಿ, ಅಲ್ಲಿ ಯಾರೂ ಬಾಗಿಲಿಗೆ ಹಸಿರೆಲೆ ಕಟ್ಟುವುದಿಲ್ಲ.